ಸೋಮವಾರದ ಫ್ರೆಂಚ್ ಪಾಠ

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ವೃಷಭೇಂದ್ರನಿಗೆ ನಾಲ್ಕು ಭಾಷೆಯ ಮಾತು ಬರುತ್ತಿತ್ತು. ಜಗಳವೇನೋ ಯಾರೊಂದಿಗೂ ಇರಲಿಲ್ಲ. ಆದರೆ ಪರೀಕ್ಷೆಯಲ್ಲಿ ಮಾತ್ರ ಎರಡು ಸಲ ನಪಾಸಾಗಿದ್ದ.

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ, ಆಶ್ರಮದೊಳಗೆ ಒಂದು ಹೈಸ್ಕೂಲು. ಅಲ್ಲಿ ಚೂಡಾಮಣಿ ಅಮ್ಮ ಎಂಬ ವಯಸ್ಸಾದ ಗುರುಗಳು ಇದ್ದರು. ಹೈಸ್ಕೂಲು ಮಕ್ಕಳಿಗೆ ಪರದೇಶದ ಭಾಷೆ ಕಲಿಸುವ ಮಾಸ್ತರರನ್ನು ತಯಾರು ಮಾಡುವುದು ಅವರ ಕೆಲಸ. ವರ್ಷಕ್ಕೆ ಒಬ್ಬನೇ ಶಿಷ್ಯ.

ಶಿಷ್ಯ ದಿನಾ ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದ. ಪರೀಕ್ಷೆಗೆ ಅದನ್ನೇ ಅಮ್ಮನ ಮುಂದೆ ಮಾಡಿ ತೋರಿಸಬೇಕು. ಮೂರು ಅವಕಾಶ. ಅಮ್ಮ ಸೈ ಅಂದರೆ ಒಂದು ಚೀಟಿ ಬರೆದು ಕೊಡುತ್ತಿದ್ದರು. ಆ ಚೀಟಿ ಹಿಡಿದು ಹೋದವನಿಗೆ ಸುತ್ತಲಿನ ಯಾವ ಹೈಸ್ಕೂಲಿನಲ್ಲೂ ಇಲ್ಲ ಅನ್ನುತ್ತಿರಲಿಲ್ಲ. ಮೂರನೆಯ ಸಲವೂ ಸೋತವನು ಟ್ರಂಕು ಎತ್ತಿಕೊಂಡು ಊರ ದಾರಿ ಹಿಡಿಯಬೇಕು.

ವೃಷಭೇಂದ್ರನಿಗಾಗಿ ಒಂದು ಹೈಸ್ಕೂಲು ಕಾದಿತ್ತು. ಬುಧವಾರದೊಳಗೆ ಬಾ, ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಬರೆದಿದ್ದರು. ಮಕ್ಕಳ ಮುಂದೆ ಸುಣ್ಣದ ಕಡ್ಡಿ ಹಿಡಿದು ನಿಲ್ಲುವುದು ಬಿಟ್ಟು ಅವನಿಗೆ ಬದುಕಿನಲ್ಲಿ ಬೇರೆ ಯಾವ ಆಸೆಯೂ ಇರಲಿಲ್ಲ.

ಹಾಗೆಂದು ಅವನ ಫ್ರೆಂಚಿನಲ್ಲಿ ಕುಂದೇನೂ ಇರಲಿಲ್ಲ. ಕಣ್ಣು ಮುಚ್ಚಿ ಕೇಳಿದರೆ ಪ್ಯಾರಿಸ್ಸಿನವರೂ ತಮ್ಮ ನೆಂಟನೇ ಅಂದುಕೊಂಡಾರು. ಮೊದಲ ಪರೀಕ್ಷೆಯ ದಿನ ನಲವತ್ತು ನಿಮಿಷ ಒಂದೇ ಸಮನೆ ಮಾತಾಡಿದ್ದ. ಮಕ್ಕಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು.

ಪಾಠ ಮುಗಿದ ಮೇಲೆ ಅಮ್ಮ ಕೇಳಿದರು: "ಛಲೋ ಮಾತಾಡಿದಿ ತಮ್ಮಾ. ಪಾಠ ಯಾರಿಗಿತ್ತು?"

"ಹುಡುಗರಿಗೆ ಅಮ್ಮಾರ."

"ಹೌದಾ? ನಾ ನಿನಗ ಅಂತ ತಿಳಕೊಂಡಿದ್ದೆ."

ಎರಡನೆಯ ಪರೀಕ್ಷೆಗೆ ಅಮ್ಮ ಎರಡು ಬಟ್ಟಲು, ಒಂದು ಸೇರು ಜೋಳ ಹಿಡಿದು ಬಂದು ಹಿಂದಿನ ಸಾಲಿನಲ್ಲಿ ಕೂತರು. ಅವನು ಒಂದು ವಾಕ್ಯ ಆಡಿದರೆ ಎಡಗಡೆಯ ಬಟ್ಟಲಿಗೆ ಒಂದು ಕಾಳು. ಮಕ್ಕಳು ಒಂದು ವಾಕ್ಯ ಆಡಿದರೆ ಬಲಗಡೆಯದಕ್ಕೆ ಒಂದು ಕಾಳು.

ಗಂಟೆ ಹೊಡೆಯುವಾಗ ಎಡಬಟ್ಟಲು ತುಂಬಿತ್ತು. ಬಲಬಟ್ಟಲಿನಲ್ಲಿ ಮೂರು ಕಾಳು ಇದ್ದವು. ಮೂರೂ 'ನಮಸ್ಕಾರ ಸರ್' ಎಂಬುದರವು.

ಅಮ್ಮ ಎಡಬಟ್ಟಲನ್ನು ಅಡುಗೆಮನೆಗೆ ಕಳಿಸಿದರು. ಬಲಬಟ್ಟಲನ್ನು ಕಿಟಕಿಯಲ್ಲಿಟ್ಟರು. ಒಂದು ಗುಬ್ಬಿ ಬಂದು ಬಗ್ಗಿ ನೋಡಿ, ಇಷ್ಟಕ್ಕೆಲ್ಲಾ ಯಾರು ಕೂರುತ್ತಾರೆ ಅನ್ನುವ ಹಾಗೆ ಹಾರಿಹೋಯಿತು.

ಆ ಸಂಜೆ ವೃಷಭೇಂದ್ರ ಅಮ್ಮನ ಹತ್ತಿರ ಬಂದು ಮನಸ್ಸು ಬಿಚ್ಚಿದ. ಮಕ್ಕಳಿಗೆ ಬಾಯಿ ಬಿಡಲು ತಾನೇ ಅವಕಾಶ ಕೊಡುವುದಿಲ್ಲ, ಅದು ಸೊಕ್ಕಿನಿಂದಲ್ಲ, ಕನಿಕರದಿಂದ ಅಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಯಿ ಬಿಟ್ಟರೆ ತಪ್ಪುತ್ತಾರೆ, ತಪ್ಪಿದರೆ ಉಳಿದವರು ನಗುತ್ತಾರೆ. ಅದಕ್ಕೇ ಪ್ರಶ್ನೆ ಕೇಳಿ, ಯಾರೂ ತಪ್ಪುವ ಮೊದಲೇ ಉತ್ತರವನ್ನೂ ತಾನೇ ಹೇಳಿಬಿಡುತ್ತಿದ್ದ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅಮ್ಮನ ಮುಂದೆ ಅರ್ಧ ಹೇಳಿ ಎದ್ದು ಬಂದವರಿಲ್ಲ. ಎಂಟನೆಯ ತರಗತಿಯಲ್ಲಿ ಇಂಗ್ಲಿಷ್ ಪುಸ್ತಕ ಓದಲು ಎದ್ದು ನಿಂತಾಗ ತಾನು ಒಂದು ಪದ ತಪ್ಪಿದ್ದನ್ನೂ ಹೇಳಿದ. ಇಡೀ ತರಗತಿ ನಕ್ಕಿತ್ತು. ಮಾಸ್ತರರೂ ನಕ್ಕಿದ್ದರು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಹುಡುಗರು ಅವನನ್ನು ಆ ಪದದಿಂದಲೇ ಕರೆದಿದ್ದರು.

ಅಮ್ಮ ಕೇಳಿದರು: "ನಕ್ಕರು ಅಂದಿ. ಆಮ್ಯಾಲೆ ನೀ ಏನ್ ಮಾಡಿದಿ?"

"ಕುಂತಬಿಟ್ಟೆ ಅಮ್ಮಾರ."

"ಇನ್ನೂ ಎದ್ದಿಲ್ಲ ಬಿಡು."

ಆಶ್ರಮದಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆ ಇತ್ತು. ಸೋಮವಾರ ಮೌನದ ದಿನ. ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ದೊಡ್ಡವರು ಯಾರೂ ತುಟಿ ಬಿಚ್ಚುವಂತಿಲ್ಲ, ಬರೆದು ತೋರಿಸುವಂತೆಯೂ ಇಲ್ಲ. ಮಕ್ಕಳಿಗೆ ಈ ಕಟ್ಟಳೆ ಇರಲಿಲ್ಲ. ಮಕ್ಕಳಿಗೆ ಕಟ್ಟಳೆ ಮಾಡಿದರೂ ನಡೆಯುವುದಿಲ್ಲ ಎಂದು ಮಾಡಿದವರಿಗೆ ಗೊತ್ತಿತ್ತು. ಅವರು ಅವತ್ತು ತೋಟದ ಕೆಲಸ ಮಾಡುತ್ತಿದ್ದರು, ಪಾಠ ಇರುತ್ತಿರಲಿಲ್ಲ.

ವೃಷಭೇಂದ್ರ ಮೂರನೆಯ ಪರೀಕ್ಷೆಗೆ 'ಅಡುಗೆಮನೆ' ಎಂಬ ಪಾಠವನ್ನು ಹದಿನಾರು ಪುಟ ಬರೆದು ಬಾಯಿಪಾಠ ಮಾಡಿದ. ಮಕ್ಕಳಿಗೆ ತೋರಿಸಲೆಂದು ಒಂದು ಬುಟ್ಟಿಯಲ್ಲಿ ಚುರಮರಿ, ಉಳ್ಳಾಗಡ್ಡಿ, ಟೊಮೆಟೊ, ಹಸಿಮೆಣಸಿನಕಾಯಿ, ಲಿಂಬೆಹಣ್ಣು, ಉಪ್ಪು, ಸಕ್ಕರೆ, ಒಂದು ಚಾಕು, ಒಂದು ಬೋಗುಣಿ ಜೋಡಿಸಿಕೊಂಡ.

ರವಿವಾರ ಸಂಜೆ ಅಮ್ಮ ಪರೀಕ್ಷೆ ನಾಳೆ ಬೆಳಿಗ್ಗೆ ಎಂದು ಹೇಳಿ ಕಳಿಸಿದರು. ಅವನು ಓಡಿ ಬಂದ.

"ನಾಳೆ ಸೋಮವಾರ ಅಮ್ಮಾರ."

"ಗೊತ್ತೈತಿ."

"ಮೌನ ಇರತೈತಿ."

"ಅದೂ ಗೊತ್ತೈತಿ."

"ಮತ್ತ ನಾ ಪಾಠ ಹೆಂಗ ಮಾಡ್ಲಿ?"

"ನೀ ಮಾಡಬ್ಯಾಡ," ಅಂದರು ಅಮ್ಮ. "ಪಾಠ ತಾನ ಆಗಲಿ ಬಿಡು."

ಹೋಗು ಅನ್ನಲು ಮನಸ್ಸಿಲ್ಲದೆ ಅಮ್ಮ ಹೀಗೊಂದು ದಾರಿ ಹುಡುಕಿದ್ದಾರೆ ಎಂದು ವೃಷಭೇಂದ್ರನಿಗೆ ಖಾತ್ರಿಯಾಯಿತು. ಬೆಳಿಗ್ಗೆ ಎದ್ದವನೇ ಟ್ರಂಕು ಕಟ್ಟಿಟ್ಟ. ಆಮೇಲೆ ಬುಟ್ಟಿ ಎತ್ತಿಕೊಂಡು ತರಗತಿಗೆ ಹೋದ.

ಅಮ್ಮ ಹಿಂದಿನ ಸಾಲಿನಲ್ಲಿ ಬಟ್ಟಲು, ಜೋಳ ಇಟ್ಟುಕೊಂಡು ಆಗಲೇ ಕೂತಿದ್ದರು.

ಮಕ್ಕಳು ಎದ್ದು ನಿಂತು 'ನಮಸ್ಕಾರ ಸರ್' ಅಂದರು. ಅವನು ಕೈ ಮುಗಿದ. ಅವರು ಕೂತರು. ಮುಂದೆ ಏನು ಮಾಡಬೇಕೆಂದು ಹದಿನಾರು ಪುಟದಲ್ಲಿ ಎಲ್ಲೂ ಇರಲಿಲ್ಲ.

ಕೈಗೆ ಮೊದಲು ಸಿಕ್ಕದ್ದು ಉಳ್ಳಾಗಡ್ಡಿ. ಅದನ್ನೇ ಎತ್ತಿ ಹಿಡಿದ.

ಯಾರೂ ಮಾತಾಡಲಿಲ್ಲ. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಅವನೇ ಅದರ ಹೆಸರು ಹೇಳಿ, ಅದು ಎಲ್ಲಿ ಬೆಳೆಯುತ್ತದೆಂದೂ ಹೇಳಿಬಿಡುತ್ತಿದ್ದ. ಇವತ್ತು ಕೈ ಎತ್ತಿಕೊಂಡು ನಿಂತೇ ಇದ್ದ. ಹೊರಗೆ ಬಾವಿಯ ರಾಟೆ ಕಿರುಗುಟ್ಟುವುದು ಕೇಳುತ್ತಿತ್ತು.

ಕೊನೆಯ ಬೆಂಚಿನಲ್ಲಿ ಫಕ್ಕೀರವ್ವ ಎಂಬ ಹುಡುಗಿ ಇದ್ದಳು. ತಾನು ಪಾಠ ಮಾಡಿದ ನಾಲ್ಕು ತಿಂಗಳಲ್ಲಿ ಅವಳ ದನಿ ಹೇಗಿದೆಯೆಂದು ಅವನಿಗೆ ತಿಳಿದಿರಲಿಲ್ಲ. ಸರ್‌ನ ಅವಸ್ಥೆ ನೋಡಲಾರದೆಯೋ ಏನೋ, ಅವಳು ಎದ್ದು ನಿಂತು, "ಪೋಮ್," ಅಂದಳು.

ಪೋಮ್ ಅಂದರೆ ಫ್ರೆಂಚಿನಲ್ಲಿ ಸೇಬು.

ತರಗತಿ ಗೊಳ್ಳೆಂದು ನಕ್ಕಿತು.

ಸರಿಯಾದ ಪದ ವೃಷಭೇಂದ್ರನ ನಾಲಗೆಯ ತುದಿಗೆ ಬಂದಿತ್ತು, ಮೌನ ಅದನ್ನು ಅಲ್ಲೇ ತಡೆಯಿತು. ಫಕ್ಕೀರವ್ವ ತಲೆ ತಗ್ಗಿಸಿ ಕೂರಲು ಹೊರಟಿದ್ದಳು. ಹಾಗೆ ಕೂರುವುದು ಹೇಗಿರುತ್ತದೆಂದು ಅವನಿಗಿಂತ ಚೆನ್ನಾಗಿ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವಳು ಕೂರಬಾರದು. ಅಷ್ಟೇ ಅವನಿಗೆ ಹೊಳೆದದ್ದು.

ಅವನು ಉಳ್ಳಾಗಡ್ಡಿಯನ್ನು ಅಂಗಿಗೆ ಒರೆಸಿದ, ಸೇಬನ್ನು ಒರೆಸುವ ಹಾಗೆ. ತಿರುಗಿಸಿ ನೋಡಿದ. ಮೆಚ್ಚಿದವನ ಹಾಗೆ ತಲೆಯಾಡಿಸಿದ. ಆಮೇಲೆ ಸಿಪ್ಪೆ ಸಮೇತ ಕಚ್ಚಿದ.

ಕಣ್ಣಿನಲ್ಲಿ ನೀರು ಬಂತು, ಮೂಗಿನಲ್ಲೂ ಬಂತು. ಅವನು ಅಗಿಯುತ್ತಲೇ ಇದ್ದ.

ಈಗ ತರಗತಿ ನಕ್ಕ ನಗೆ ಬೇರೆ. ಬೆಂಚು ಬಡಿದು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಗುತ್ತಿದ್ದದ್ದು ಅವನನ್ನೇ. ಹದಿನೈದು ವರ್ಷದಿಂದ ಯಾವುದಕ್ಕೆ ಹೆದರಿ ಬದುಕಿದ್ದನೋ ಅದು ಈಗ ಕಣ್ಣೆದುರಿಗೇ ಬಂದು ನಿಂತಿತ್ತು. ನೋವು ಇನ್ನೇನು ಬರುತ್ತದೆ ಎಂದು ಅವನು ಕಾದ. ಬರಲಿಲ್ಲ. ಬದಲಿಗೆ ಅವನಿಗೂ ನಗು ಬಂತು. ಸದ್ದು ಮಾಡುವಂತಿಲ್ಲ, ಮೈಯೆಲ್ಲ ಕುಲುಕುತ್ತಿತ್ತು.

ಅರ್ಧ ಕೂತಿದ್ದ ಫಕ್ಕೀರವ್ವ ತಾನೂ ನಗುತ್ತಾ ನೆಟ್ಟಗೆ ನಿಂತಳು.

"ನೋಂ ಸರ್, ನೋಂ. ಪೋಮ್ ಅಲ್ಲ. ಓನ್ಯೋಂ!"

ಉಳ್ಳಾಗಡ್ಡಿಗೆ ಅದೇ ಸರಿಯಾದ ಹೆಸರು. ನಾಲ್ಕು ತಿಂಗಳು ಅವಳೊಳಗೇ ಕೂತಿದ್ದ ಹೆಸರು.

ಅಲ್ಲಿಂದ ಮುಂದೆ ಪಾಠ ಯಾರ ಕೈಯಲ್ಲೂ ನಿಲ್ಲಲಿಲ್ಲ. ಅವನು ಬೋಗುಣಿಗೆ ಚುರಮರಿ ಸುರಿದು ಸಕ್ಕರೆಗೆ ಕೈ ಹಾಕಿದ. ಮೂವತ್ತು ಬಾಯಿ ಒಟ್ಟಿಗೆ 'ನೋಂ' ಅಂದು, ಉಪ್ಪಿನ ಹೆಸರು ಕೂಗಿದವು. ಅವನು ಚಾಕುವನ್ನು ತಿರುಗಾಮುರುಗಾ ಹಿಡಿದು ಟೊಮೆಟೊ ಹೆಚ್ಚಲು ಹೋದ. ಹೇಗೆ ಹಿಡಿಯಬೇಕೆಂದು ಮುಂದಿನ ಸಾಲಿನವರು ಫ್ರೆಂಚಿನಲ್ಲಿ ಬೈದೇ ಹೇಳಿದರು. ಒಬ್ಬ ಹುಡುಗ ಫ್ರೆಂಚಿನಲ್ಲಿ ಒಂದು ಮೆಣಸಿನಕಾಯಿ ಅನ್ನಲು ಹೋಗಿ ಹನ್ನೊಂದು ಅಂದ. ವೃಷಭೇಂದ್ರ ಒಂದೊಂದಾಗಿ ಹೆಚ್ಚಿ ಹಾಕುತ್ತಾ ಹೋದ. ಏಳನೆಯದು ಬೀಳುವಷ್ಟರಲ್ಲಿ ಇಡೀ ತರಗತಿ ಆ ಹುಡುಗನಿಗೆ ಒಂದು ಅನ್ನುವುದನ್ನು ಕಲಿಸಿತ್ತು.

ತಪ್ಪು ಬೇಕಾದಷ್ಟು ಆದವು. ಅವನು ಒಂದನ್ನೂ ತಿದ್ದಲಿಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ. ಆಗ ಅವರೇ ತಿದ್ದಿಕೊಂಡರು.

ನಡುವೆ ಒಮ್ಮೆ ತಲೆಯೆತ್ತಿ ನೋಡಿದರೆ ಅಮ್ಮ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಚುರಮರಿಗೆಂದು ಕೈ ಚಾಚಿ ಕೂತಿದ್ದರು. ಅವನು ಒಂದು ಹಿಡಿ ಕೊಟ್ಟ. ಅಮ್ಮ ತಿಂದರು. ಏಳು ಮೆಣಸಿನಕಾಯಿಗೆ ಅವರ ಕಣ್ಣಲ್ಲೂ ನೀರು ಬಂತು. ಮುಖದಲ್ಲಿ ಮಾತ್ರ ಏನೂ ತಿಳಿಯಲಿಲ್ಲ. ಗಂಟೆಯಾದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದು ಹೋದರು.

ಸೈಯೋ ಅಲ್ಲವೋ, ಸಂಜೆಯವರೆಗೆ ಕೇಳುವಂತಿರಲಿಲ್ಲ.

ವೃಷಭೇಂದ್ರ ಹೊಳೆಯ ದಂಡೆಗೆ ಹೋಗಿ ಕೂತ. ಚೀಟಿ ಸಿಗದೆ ಹೋದರೆ ಏನು ಗತಿ ಎಂಬ ಚಿಂತೆ ಇದ್ದೇ ಇತ್ತು. ಆದರೂ ಎದೆ ಹಗುರವಾಗಿತ್ತು. ತಲೆಯ ಮೇಲಿನ ಹೊರೆ ಇಳಿಸಿದ ಮೇಲೂ ಕುತ್ತಿಗೆ ಸ್ವಲ್ಪ ಹೊತ್ತು ನಂಬುವುದಿಲ್ಲವಲ್ಲ, ಹಾಗೆ ಅವನು ಆಗಾಗ ತನ್ನನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದ. ಎಂಟನೆಯ ತರಗತಿಯ ಆ ಪದವನ್ನು ನೆನೆಸಿಕೊಂಡ. ಪಾಪ, ಸಣ್ಣ ಪದ ಅನ್ನಿಸಿತು.

ಸೂರ್ಯ ಮುಳುಗಿದ. ಮೌನ ಮುಗಿಯಿತೆಂದು ಆಶ್ರಮದ ಗಂಟೆ ಹೊಡೆಯಿತು. ಎಲ್ಲ ಕಡೆಯಿಂದ ದೊಡ್ಡವರ ದನಿಗಳು ಎದ್ದವು. ಅವನಿಗೆ ಮಾತಾಡುವ ಅವಸರ ಯಾವುದೂ ಇರಲಿಲ್ಲ.

ಅಮ್ಮ ನಿಧಾನಕ್ಕೆ ಬಂದು ಪಕ್ಕದಲ್ಲಿ ಕೂತರು. ಚೀಟಿ ಬರೆದು ಆಫೀಸಿನಲ್ಲಿ ಇಟ್ಟಿದ್ದೇನೆ, ನಾಳೆ ಬೆಳಗಿನ ಬಸ್ಸಿಗೆ ಹೊರಡು, ಕಟ್ಟಿದ ಟ್ರಂಕನ್ನು ಬಿಚ್ಚುವ ಕೆಲಸ ತಪ್ಪಿತು ಅಂದರು. ವೃಷಭೇಂದ್ರ ಬಗ್ಗಿ ಅವರ ಕಾಲು ಮುಟ್ಟಿದ. ಕಣ್ಣು ಒದ್ದೆಯಾಯಿತು. ಇದಕ್ಕೆ ಉಳ್ಳಾಗಡ್ಡಿಯನ್ನು ದೂರುವಂತಿರಲಿಲ್ಲ.

ಅಮ್ಮನ ಮಡಿಲಲ್ಲಿ ಎರಡು ಬಟ್ಟಲೂ ಇದ್ದವು. ಅವನು ಅವುಗಳ ಕಡೆ ನೋಡಿದ.

"ನಿನ್ನ ಕಡೆ ಒಂದೂ ಬೀಳಲಿಲ್ಲ," ಅಂದರು ಅಮ್ಮ. "ಅವರ ಕಡೇದು ಎಣಿಸಾಕ ಆಗಲಿಲ್ಲ. ನನ್ನ ಕೈಯಾಗ ಚುರಮರಿ ಇತ್ತು."

ಅಷ್ಟರಲ್ಲಿ ತೋಟದ ಕೆಲಸ ಮುಗಿಸಿದ ಮಕ್ಕಳು ಕೈಕಾಲು ತೊಳೆಯಲು ಮೆಟ್ಟಿಲು ಇಳಿದು ಬಂದರು. ಎಲ್ಲರಿಗಿಂತ ಮುಂದೆ ಫಕ್ಕೀರವ್ವ ಇದ್ದಳು. ಕೈಯಲ್ಲಿ ಆಗಷ್ಟೇ ಕಿತ್ತ, ಮಣ್ಣು ಮೆತ್ತಿದ ಒಂದು ಉಳ್ಳಾಗಡ್ಡಿ. ಅದನ್ನು ಅವನ ಕಡೆ ಎತ್ತಿ ತೋರಿಸಿ, ದೊಡ್ಡ ದನಿಯಲ್ಲಿ ಕೇಳಿದಳು:

"ಸರ್, ಪೋಮ್ ತಿಂತೀರೇನ್ರಿ?"

ವೃಷಭೇಂದ್ರ ಬಾಯಿ ತೆರೆದ. ಬೆಳಗಿನಿಂದ ಒಳಗೇ ಉಳಿದಿದ್ದ ನಗು ಹೊರಗೆ ಬಂತು. ಅದು ಹೊಳೆಯ ಆಚೆ ದಂಡೆಯವರೆಗೂ ಕೇಳಿಸಿತು.

ಅವನ ನಗು ಪೂರ್ತಿ ನಿಲ್ಲುವವರೆಗೆ ಅಮ್ಮ ಕಾದರು. ಆಮೇಲೆ ಅಂದರು:

"ಇನ್ನ ನೀ ಮಾತಾಡಾಕ ಅಡ್ಡಿ ಇಲ್ಲ, ತಮ್ಮಾ."