ಒಲ್ಲೆವ್ವನ ದಿಡ್ಡಿ

ಹಿರೇಕಣಿವೆಯ ಕೋಟೆಗೆ ಬರುವವರು ಹೆಬ್ಬಾಗಿಲ ಮುಂದೆ ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಪಡುವಣ ಗೋಡೆಯಲ್ಲಿ ಇನ್ನೊಂದು ಬಾಗಿಲಿದೆ. ಒಬ್ಬರು ಬಗ್ಗಿ ನುಸುಳುವಷ್ಟು ಚಿಕ್ಕದು. ಅದನ್ನು ಒಲ್ಲೆವ್ವನ ದಿಡ್ಡಿ ಎನ್ನುತ್ತಾರೆ. ಅದರ ಕಲ್ಲುಗಳು ಸುಟ್ಟು ಕರ್ರಗಾಗಿವೆ, ಎಷ್ಟು ಮಳೆ ಬಿದ್ದರೂ ಆ ಕಪ್ಪು ಹೋಗಿಲ್ಲ. ದನ ಕಾಯುವವರು ಅಲ್ಲಿ ಬುತ್ತಿ ಬಿಚ್ಚುವುದಿಲ್ಲ. ಗಂಡನ ಚಿತೆಗೆ ನಗುನಗುತ್ತ ಹಾರಿದ ಪತಿವ್ರತೆಯ ಜಾಗ ಎಂದು ಊರಿನ ದೊಡ್ಡವರು ಹೇಳುತ್ತಾರೆ. ನಗುತ್ತ ಹಾರಿದವಳಿಗೆ ಒಲ್ಲೆವ್ವ ಎಂಬ ಹೆಸರು ಹೇಗೆ ಬಂತು ಎಂದು ಅವರನ್ನು ಯಾರೂ ಕೇಳಿಲ್ಲ. ಕೇರಿಗೆ ಹೋಗಿ ಕೇಳಬೇಕು. ಅಲ್ಲಿ ಸುಳ್ಳು ಹೇಳಿ ಯಾರಿಗೂ ಏನೂ ಸಿಕ್ಕಬೇಕಾಗಿಲ್ಲ.

ಹಿಂದೆ ಒಮ್ಮೆ, ಜಡೆಪ್ಪ ನಾಯಕ ಈ ಕೋಟೆಯನ್ನು ಆಳುವಾಗ, ಪಕ್ಕದ ಸೀಮೆಯ ದಂಡು ಬಂದು ಕಣಿವೆಯಲ್ಲಿ ಬೀಡುಬಿಟ್ಟಿತಂತೆ. ದಿಡ್ಡಿಯ ಕಾವಲು ನಾಯಕನ ಅಳಿಯನ ಪಾಲಿಗೆ ಬಂದಿತ್ತು. ಅವನ ಕೈಕೆಳಗೆ ಕೇರಿಯ ತಾಯಪ್ಪ ಮತ್ತು ಅವನ ಹೆಂಡತಿ ಗಾಳೆವ್ವ. ಗಾಳೆವ್ವ ಗಂಡನಿಗೆ ಬುತ್ತಿ ತಂದವಳಲ್ಲ. ತುಪಾಕಿ ಹಿಡಿದು ಸರದಿ ಕಾಯುತ್ತಿದ್ದ ಸಿಪಾಯಿ. ವೈರಿಗಳು ಏರಿ ಬಂದಾಗ ತಾಯಪ್ಪ ಗುಂಡು ತಗಲಿ ಬಿದ್ದ. ಅಳಿಯ ಓಡಿದ. ಅವಳು ಗಂಡನ ಹೆಣವನ್ನು ಪಕ್ಕಕ್ಕೆ ಸರಿಸಿ ಮದ್ದು ತೀರುವ ತನಕ ಹೊಡೆದಳು, ಮದ್ದು ತೀರಿದ ಮೇಲೆ ತುಪಾಕಿಯನ್ನೇ ದೊಣ್ಣೆ ಮಾಡಿಕೊಂಡಳು. ವೈರಿ ಇಳಿದು ಹೋದ. ಆದರೆ ದೂರ ಹೋಗಿಲ್ಲವೆಂದು ಅವಳಿಗೆ ಗೊತ್ತಿತ್ತು.

ನಾಯಕನ ಚಿಂತೆಯೇ ಬೇರೆ. ಅಳಿಯ ಓಡಿದ, ಕೇರಿಯ ಹೆಣ್ಣು ನಿಂತಳು ಎಂದು ಜನ ಆಡಿಕೊಂಡರೆ ಅವನ ಮೀಸೆ ಮಣ್ಣಾಗುತ್ತದೆ. ಅವಳನ್ನು ಕಡಿದು ಹಾಕಿದರೆ ಕೇರಿ ತಿರುಗಿಬೀಳುತ್ತದೆ. ದೇವಿ ಮಾಡಿದರೆ ಯಾರು ಏನೆಂದಾರು? ದಿಡ್ಡಿಯ ಹೊರಗೆ, ಬಾಗಿಲಿಗೆ ಒತ್ತಿಕೊಂಡೇ ತಾಯಪ್ಪನ ಚಿತೆ ಒಟ್ಟಿಸಿ, ಪ್ರಧಾನಿಯ ಕೈಯಲ್ಲಿ ಹಸಿರು ಸೀರೆ, ಅರಿಸಿನ ಕಳಿಸಿದ.

“ಗಾಳೆವ್ವ, ನಿನ್ನ ಹೆಸರಿಗೆ ಗುಡಿ ಕಟ್ಟಿಸ್ತಾರಂತ ನಾಯಕರು,” ಎಂದ ಪ್ರಧಾನಿ. “ಇಂಥ ಭಾಗ್ಯ ನಿಮ್ಮ ಕೇರಿಯಾಗ ಯಾರಿಗೆ ಬಂದೈತಿ?”

“ಆ ಭಾಗ್ಯ ನಿಮ್ಮ ಮನ್ಯಾಗ ಇಟ್ಕೊಳ್ರಿ. ನಾ ಒಲ್ಲೆ. ಬಾಗಿಲು ಕಾಯಾಕಿಗೆ ಸೀರಿ ಯಾಕ್ರಿ? ಮದ್ದು ಕೊಡ್ರಿ. ವೈರಿ ಇನ್ನಾ ಕಣಿವ್ಯಾಗ ಅದಾನ.”

ಮದ್ದು ಬರಲಿಲ್ಲ. ಹೊತ್ತು ಮುಳುಗುವಾಗ ಅವಳ ಕೈಯಿಂದ ತುಪಾಕಿ ಕಿತ್ತುಕೊಂಡು, ಎಳೆದು ತಂದು ಚಿತೆಯ ಮೇಲೆ ಕಟ್ಟಿಹಾಕಿದರು. ದಾರಿಯುದ್ದಕ್ಕೂ ಒಲ್ಲೆ, ಒಲ್ಲೆ ಎಂದಳಂತೆ. ಆ ಮಾತು ಕೇಳಿಸಬಾರದೆಂದು ತಮಟೆ ಬಾರಿಸಲು ಅವಳ ಅಣ್ಣ ಹುಲುಗಪ್ಪನನ್ನೇ ನಿಲ್ಲಿಸಿದರು. ಬೆನ್ನಿಗೆ ಭರ್ಜಿ ಹಿಡಿದಿದ್ದರು, ಅವನು ಬಾರಿಸಿದ. ಸೇರಿದವರೆಲ್ಲ ಬೆಂಕಿಗೆ ಮುಖ ಮಾಡಿದ್ದರು, ಕಣಿವೆಗೆ ಬೆನ್ನು. ಕಣಿವೆ ಕಾಣುತ್ತಿದ್ದುದು ಚಿತೆಯ ಮೇಲಿದ್ದ ಅವಳೊಬ್ಬಳಿಗೆ. ಹೊಗೆಯ ನಡುವೆ ಅವಳು ಕಟ್ಟು ಹರಿದುಕೊಂಡು ಒಂದು ಕೈ ಎತ್ತಿದಳು. ತುಟಿ ಅಲುಗಿತು. ಒಲ್ಲೆ ಎನ್ನುತ್ತಿದ್ದಾಳೆ ಎಂದುಕೊಂಡು ಪ್ರಧಾನಿ ಇನ್ನೂ ಜೋರಾಗಿ ಬಾರಿಸೆಂದ. ಅವಳು ಆಗ ಒಲ್ಲೆ ಎನ್ನುತ್ತಿರಲಿಲ್ಲ. ಬಂದರು ನೋಡಿ ಎನ್ನುತ್ತಿದ್ದಳು. ತಮಟೆಯ ಸದ್ದಿನಲ್ಲಿ ಅವಳ ಮಾತೂ ಮುಳುಗಿತು, ಬಂಡೆ ಏರುತ್ತಿದ್ದ ದಂಡಿನ ಹೆಜ್ಜೆಯೂ ಮುಳುಗಿತು. ಬೆಂಕಿ ಆರುವ ಮೊದಲೇ ಕೋಟೆ ಹೋಯಿತು. ಸತ್ತವರ ನಡುವೆ ಬಿದ್ದು ಉಳಿದ ಹುಲುಗಪ್ಪ ಕೇರಿಗೆ ಬಂದು ಇಷ್ಟನ್ನು ಹೇಳಿದ, ಮತ್ತೆ ತಮಟೆ ಮುಟ್ಟಲಿಲ್ಲ ಎನ್ನುತ್ತಾರೆ.

ಓಡಿಹೋಗಿದ್ದ ಅಳಿಯ ಮುಂದೆ ಗೆದ್ದವರ ಕಾಲು ಹಿಡಿದು ನಾಯಕನಾದ. ದಿಡ್ಡಿಯ ಪಕ್ಕದಲ್ಲಿ ಮಾಸ್ತಿಕಲ್ಲು ನೆಡಿಸಿದವನು ಅವನೇ. ಅದು ಇಂದಿಗೂ ಇದೆ. ಅದರಲ್ಲಿ ತುಪಾಕಿ ಇಲ್ಲ, ತುಂಬ ಬಳೆ ತೊಟ್ಟು ಎತ್ತಿದ ಒಂದು ಕೈ ಇದೆ. ನೋಡಿದ ಗಂಡನ್ನು ಬೇಡ ಎನ್ನುವ ಹುಡುಗಿಯರನ್ನು ಮನೆಯವರು ಇಲ್ಲಿಗೆ ತಂದು ಕೂರಿಸಿ, ಹಟ ಇಳಿಯಲಿ ಎಂದು ಹಸಿರು ಬಳೆ ಇಡಿಸುತ್ತಾರೆ. ಎತ್ತಿದ ಕೈ ಆಶೀರ್ವಾದದ್ದು ಎಂದು ಪೂಜಾರಿ ಹೇಳುತ್ತಾನೆ. ಕಲ್ಲುಕುಟಿಗ ಯಾವ ಕೇರಿಯವನೋ, ತೋರುಬೆರಳೊಂದನ್ನು ನೆಟ್ಟಗೆ ಕಣಿವೆಯ ಕಡೆ ಚಾಚಿಸಿದ್ದಾನೆ. ಬಂದವರು ಆ ಬೆರಳಿಗೆ ಕುಂಕುಮ ಹಚ್ಚಿ, ಕಣಿವೆಗೆ ಬೆನ್ನು ಹಾಕಿ ಕೈಮುಗಿಯುತ್ತಾರೆ.