ಸೀಟು ಹೊಲಿದವನು ಕೂರದ ಕಾರು

“ಬುದ್ಧೀ, ಕೈತಪ್ಪಿ ಹೋದದ್ದು ಮನಸ್ಸು ಬಿಟ್ಟು ಯಾಕೆ ಹೋಗುವುದಿಲ್ಲ?” ಎಂದು ಪಾಲಾಕ್ಷ ಗುರುಗಳನ್ನು ಕೇಳಿದ.

ಹೆಂಡತಿಯನ್ನು ಮಠದ ಹೊರಗೆ ಸ್ಕೂಟರಿನ ಹತ್ತಿರ ನಿಲ್ಲಿಸಿ, ಒಂದು ನಿಮಿಷ ಇರು ಎಂದು ಒಳಗೆ ಬಂದವನು ಅವನು. ಹನ್ನೆರಡು ವರ್ಷದ ಹಿಂದೆ ಯಾರೋ ತಮ್ಮ ಹಳೆಯ ಕರಿ ಕಾರನ್ನು ಕೊಡುತ್ತೇನೆ ಎಂದಿದ್ದರು. ನೋಡೋಣ ಎಂದಿದ್ದ. ನೋಡುವಷ್ಟರಲ್ಲಿ ಅದು ಇನ್ನೊಬ್ಬರ ಮನೆ ಸೇರಿತ್ತು. ಈಗ ಪೂಜೆಗೆ ಕೂತು ಕಣ್ಣು ಮುಚ್ಚಿದರೆ ಲಿಂಗ ಕಾಣಬೇಕಾದ ಕಡೆ ಆ ಕಾರಿನ ದುಂಡು ದೀಪ ಕಾಣುತ್ತಿತ್ತು.

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಕಾರಿನ ಸೀಟು ಹೊಲಿಯುವವನೊಬ್ಬನಿದ್ದ. ಆಗೆಲ್ಲ ಸೀಟಿನೊಳಗೆ ತೆಂಗಿನ ನಾರು ತುಂಬುತ್ತಿದ್ದರು. ತುಂಬಿದ ಮೇಲೆ ಯಾರಾದರೂ ಅದರ ಮೇಲೆ ಒಂದು ಗಳಿಗೆ ಕೂರಬೇಕು. ಮೈಭಾರಕ್ಕೆ ನಾರು ತನ್ನ ಜಾಗ ಕಂಡುಕೊಂಡ ಮೇಲೆಯೇ ಕೊನೆಯ ಹೊಲಿಗೆ. ಹೊಲಿದವನೇ ಕೂರುವುದು ವಾಡಿಕೆ.

ಒಂದು ದಿನ ಅವನ ಅಂಗಡಿಗೆ ಡಾಕ್ಟರೊಬ್ಬರ ಕಾರು ಬಂತು. ಹಾಲಿಗೆ ಕೇಸರಿ ಬಿದ್ದಂಥ ಬಣ್ಣ. ಮೆಲುಕು ಹಾಕುತ್ತ ಮಲಗಿದ ಹಸುವಿನ ಹಾಗೆ ಬೇವಿನ ನೆರಳಲ್ಲಿ ನಿಂತಿತು. ಅವನ ಜೀವ ಅದಕ್ಕೆ ಅಂಟಿಕೊಂಡಿತು. ನನ್ನದಾಗುವ ತನಕ ಇದರೊಳಗೆ ಕೂರುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡ. ನಾರು ಕೂರಿಸಲು ಹೆಂಡತಿಯನ್ನು ಕರೆದ.

ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟು ಬಂದು ಕೂತಳು. ಕಣ್ಣು ಮುಚ್ಚಿದಳು.

“ರೀ, ಹೊಳೆಯ ಸೇತುವೆ ದಾಟಿದೆವು. ಸೂರ್ಯಕಾಂತಿ ಹೊಲ ಶುರುವಾಯಿತು. ಪಕ್ಕದಲ್ಲಿ ಜಾಗ ಇದೆ, ಬನ್ನಿ,” ಎಂದಳು.

“ನಮ್ಮದಾದ ದಿನ ಬರುತ್ತೇನೆ. ನೀನು ಅಲ್ಲಾಡಬೇಡ, ನಾರು ಕೆಡುತ್ತದೆ.”

“ನಿಂತ ಕಾರಿಗೂ ಟಿಕೆಟ್ ಕೇಳುವ ಕಂಡಕ್ಟರು ನೀವು,” ಎಂದು ಅವಳು ಕಣ್ಣು ಬಿಡದೆಯೇ ನಕ್ಕಳು.

ಡಾಕ್ಟರು ಕಾರು ಕೊಡುತ್ತೇನೆ ಎಂದಾಗ ಆಷಾಢ. ಆಷಾಢದಲ್ಲಿ ಗಾಡಿ ಮನೆಗೆ ತರುವುದುಂಟೇ? ಶ್ರಾವಣದ ಮೊದಲ ಶುಕ್ರವಾರ, ಚಕ್ರಕ್ಕೆ ಇಡಲು ನಾಲ್ಕು ನಿಂಬೆಹಣ್ಣು ಹಿಡಿದು ಹೋದ. ಡಾಕ್ಟರ ಷೆಡ್ಡು ಖಾಲಿ ಇತ್ತು. ಆ ನಿಂಬೆಹಣ್ಣನ್ನು ಹೆಂಡತಿ ಉಪ್ಪಿನಕಾಯಿ ಹಾಕಿದಳು.

ಕೆಲವು ವರ್ಷದ ಮೇಲೆ ಹೊಸ ಯಜಮಾನ ಸೀಟು ಹೊಲಿಸಲು ಅದೇ ಕಾರನ್ನು ತಂದ. ಬೇಕಾದರೆ ತೆಗೆದುಕೋ ಎಂದೂ ಅಂದ. ಮಗಳ ಬಾಣಂತನ ಮುಗಿಯಲಿ ಎಂದ ಇವನು. ಬಾಣಂತನ ಮುಗಿಯುವಾಗ ಕಾರು ಮತ್ತೊಬ್ಬನ ಪಾಲಾಗಿತ್ತು. ಆ ಮತ್ತೊಬ್ಬನೂ ಸೀಟಿಗೆಂದು ಇಲ್ಲಿಗೇ ಬಂದ, ಅವನೂ ಕೊಡುತ್ತೇನೆ ಎಂದ. ಅಷ್ಟರಲ್ಲಿ ಇವನ ತಲೆ ನರೆತಿತ್ತು. ಈ ವಯಸ್ಸಿನಲ್ಲಿ ಕಾರು ಕೊಂಡರೆ ಜನ ನಗುತ್ತಾರೆ ಎಂದು ಸುಮ್ಮನಾದ. ಸೂಜಿ ಹಿಡಿದಾಗಲೆಲ್ಲ ಆ ಬಣ್ಣ ಕಣ್ಣ ಮುಂದೆ ತೇಲುವುದು ಮಾತ್ರ ನಿಲ್ಲಲಿಲ್ಲ.

ಕಾರು ಬಂದಾಗಲೆಲ್ಲ ನಾರಿನ ಮೇಲೆ ಕೂತವಳು ಹೆಂಡತಿ. ಒಂದು ಸಲ ಮಂಜಿನಲ್ಲಿ ಘಟ್ಟ ಇಳಿದಳು. ಇನ್ನೊಂದು ಸಲ ಸಮುದ್ರದ ತನಕ ಹೋಗಿ ಬಂದು, ಇಲ್ಲದ ಮರಳನ್ನು ಸೆರಗಿನಿಂದ ಕೊಡವಿದಳು. ಪ್ರತಿ ಸಲವೂ ಪಕ್ಕದ ಜಾಗ ತೋರಿಸಿ ಬನ್ನಿ ಎಂದಳು. ಅವನು ದಾರದ ತುದಿ ಕಚ್ಚಿಕೊಂಡು ಹೊರಗೇ ನಿಂತ.

ಕೊನೆಗೆ ಒಂದು ಬೆಳಿಗ್ಗೆ ಆ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಬಂದು ಬೇವಿನ ಕೆಳಗೆ ಬಿಟ್ಟರು.

“ಇದು ಇನ್ನು ಓಡುವುದಿಲ್ಲ ಅಜ್ಜಾ. ನೀವೇ ಇಟ್ಟುಕೊಳ್ಳಿ,” ಎಂದ ಅದರ ಯಜಮಾನ.

ಆಣೆ ತೀರಿತು. ಮುದುಕ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟ. ಮೊದಲ ಸಲ ಒಳಗೆ ಕೂತು ಸ್ಟೇರಿಂಗ್ ಹಿಡಿದ. ಹೆಂಡತಿ ಪಕ್ಕದಲ್ಲಿ ಕೂತಳು. ಅವಳ ಹಾಗೆಯೇ ಕಣ್ಣು ಮುಚ್ಚಿ ನೋಡಿದ. ಸೇತುವೆ ಬರಲಿಲ್ಲ, ಸೂರ್ಯಕಾಂತಿಯೂ ಬರಲಿಲ್ಲ. ಬೇವಿನ ಎಲೆ ಕಾರಿನ ನೆತ್ತಿಯ ಮೇಲೆ ಒಂದೊಂದಾಗಿ ಬೀಳುವ ಸದ್ದು ಕೇಳಿಸಿತು.

“ಎಲ್ಲಿಗೆ ಹೋಗೋಣ?” ಎಂದು ಕೇಳಿದ.

“ನಾನು ಇದರಲ್ಲಿ ಎಲ್ಲ ಕಡೆಗೂ ಹೋಗಿ ಬಂದೆನಲ್ಲ, ಒಬ್ಬಳೇ. ಈ ಸಲ ನೀವು ಹೇಳಿ,” ಎಂದಳು.

ಅವನಿಗೆ ಒಂದು ಊರಿನ ಹೆಸರೂ ನೆನಪಾಗಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಪಾಲಾಕ್ಷ ನಿಟ್ಟುಸಿರು ಬಿಟ್ಟ. “ಏನಾದರಾಗಲಿ ಬುದ್ಧೀ, ಅವನಿಗೆ ಕೊನೆಗಾದರೂ ಕಾರು ಸಿಕ್ಕಿತಲ್ಲ,” ಎಂದ.

ಗುರುಗಳು ಬಾಗಿಲ ಕಡೆ ನೋಡಿದರು.

“ಸ್ಕೂಟರಿನ ಹತ್ತಿರ ನಿಂತವಳಿಗೆ ಒಂದು ನಿಮಿಷ ಎಂದು ಹೇಳಿ ಎಷ್ಟು ಹೊತ್ತಾಯಿತು, ಪಾಲಾಕ್ಷ?”