ಮಸಿ ಹತ್ತದ ಒಲೆ

"ಬುದ್ಧೀ, ನನ್ನನ್ನು ಯಾವಾಗ ಪರೀಕ್ಷೆ ಮಾಡುತ್ತೀರಿ?" ಎಂದು ಮುರಿಗೆಪ್ಪ ಕೇಳಿದ.

ಮಠದ ಕಟ್ಟೆಯ ಮೇಲೆ ಗುರುಗಳು ಕಾಲು ನೀವಿಕೊಳ್ಳುತ್ತ ಕುಳಿತಿದ್ದರು. ಬೆಳಗಿನಿಂದ ಬಂದವರ ಕಷ್ಟ ಕೇಳಿ ಕೇಳಿ ಅವರಿಗೆ ಸಾಕಾಗಿತ್ತು. ಮುರಿಗೆಪ್ಪ ಅವರ ಶಿಷ್ಯ. ದೀಕ್ಷೆ ಪಡೆದು ಕೆಲವು ವರ್ಷಗಳಾಗಿದ್ದವು. ಕೈಮುಗಿದುಕೊಂಡೇ ಆತ ಮುಂದುವರಿಸಿದ.

"ತಾವು ಹೇಳಿಕೊಟ್ಟದ್ದನ್ನು ಒಂದಿಷ್ಟೂ ಮಾಸದಂತೆ ಕಾಪಾಡಿಕೊಂಡು ಬಂದಿದ್ದೇನೆ. ದಾಸೋಹದ ಅಡುಗೆಮನೆಗೆ ಹೋದರೆ ಗಲಾಟೆ, ಕೋಪ ಬರುತ್ತದೆ. ಹೋಗುವುದನ್ನೇ ಬಿಟ್ಟೆ. ಜನರ ಜೊತೆ ಬೆರೆತರೆ ಮನಸ್ಸು ಕದಡುತ್ತದೆ. ಅದನ್ನೂ ಬಿಟ್ಟೆ. ತಾವೊಮ್ಮೆ ನೋಡಿ 'ಆಯಿತು' ಅಂದುಬಿಟ್ಟರೆ, ಆಮೇಲೆ ಕೆಲಸಕ್ಕೆ ಇಳಿಯುತ್ತೇನೆ."

ಗುರುಗಳು ಅವನ ಮುಗಿದ ಕೈಗಳನ್ನು ಒಂದು ಗಳಿಗೆ ನೋಡಿದರು.

"ಕೂತುಕೋ," ಎಂದರು. "ನನಗೂ ಇವತ್ತು ಉಪದೇಶ ಮಾಡುವ ತ್ರಾಣ ಇಲ್ಲ. ಒಂದು ಕತೆ ಹೇಳುತ್ತೇನೆ."

ಒಂದೂರಿನಲ್ಲಿ ಒಬ್ಬ ಮಂಡಕ್ಕಿ ಭಟ್ಟಿಯವನಿದ್ದ. ಉಪ್ಪುನೀರು ಸವರಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದು, ಅರಳಿದ್ದನ್ನು ಜರಡಿ ಹಿಡಿದು ಮೂಟೆ ಕಟ್ಟುವುದು ಅವನ ಕಸುಬು. ಅವನು ಹುರಿಯುತ್ತಿದ್ದ, ಹೆಂಡತಿ ಉರಿ ನೋಡಿಕೊಳ್ಳುತ್ತಿದ್ದಳು. ಉರಿಗೆ ಭತ್ತದ ಹೊಟ್ಟು, ಅದು ಸಾಲದಿದ್ದರೆ ಹಳೆಯ ಟೈರಿನ ಚೂರು. ಆ ಹೊಗೆ ಎಂಥದ್ದೆಂದರೆ, ಭಟ್ಟಿಯ ಶೆಡ್ಡಿನ ಒಳಗೆ ಗಂಡ ಹೆಂಡತಿಗೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಕೆಮ್ಮು ಕೇಳಿಸಿದರೆ ಅವಳು ಅಲ್ಲೇ ಇದ್ದಾಳೆ ಎಂದು ಅವನು ತಿಳಿದುಕೊಳ್ಳುತ್ತಿದ್ದ.

ಬರಬರುತ್ತ ಆ ಕೆಮ್ಮು ಬಲಿಯಿತು. ವೈದ್ಯರಿಗೆ ತೋರಿಸಿದ. "ಇವರನ್ನು ಹೊಗೆಯಿಂದ ದೂರ ಇಡು, ಇಲ್ಲದಿದ್ದರೆ ನನ್ನ ಗುಳಿಗೆಯಿಂದ ಏನೂ ಆಗುವುದಿಲ್ಲ" ಎಂದರು ಅವರು. ದೂರ ಇಡುವುದು ಎಲ್ಲಿ? ಆಳು ಇಟ್ಟುಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಭಟ್ಟಿ ಆರಿಸಿದರೆ ಮನೆಯಲ್ಲಿ ಅನ್ನ ಬೇಯುವುದಿಲ್ಲ. ಅವಳ ಮೇಲೆ ಪ್ರೀತಿ ಇಲ್ಲವೆಂದಲ್ಲ, ಪ್ರಾಣವೇ ಇಟ್ಟುಕೊಂಡಿದ್ದ. ಪ್ರೀತಿಯಿಂದ ಹೊಗೆ ಹೋಗುವುದಿಲ್ಲವಲ್ಲ.

ಅಷ್ಟರಲ್ಲಿ ಸರ್ಕಾರ ಸಣ್ಣ ಕಸುಬಿನವರಿಗೆಂದು ಒಂದು ಯೋಜನೆ ತಂದಿತು. ಹೊಗೆಯೆಲ್ಲ ಕೊಳವೆಯಲ್ಲಿ ಮೇಲೇರಿ ಹೋಗುವ ಕಬ್ಬಿಣದ ಒಲೆ. ಬ್ಯಾಂಕು ಸಾಲ ಕೊಡುತ್ತದೆ. ಒಲೆ ಬಂದು ಕೂತ ಮೇಲೆ ಅಧಿಕಾರಿ ಕಣ್ಣಾರೆ ನೋಡಿ ಹೋಗುತ್ತಾರೆ. ಅವರು ಸೈ ಅಂದರೆ ಅರ್ಧ ಸಾಲವನ್ನು ಸರ್ಕಾರವೇ ತೀರಿಸುತ್ತದೆ. ಒಳ್ಳೆಯ ಯೋಜನೆಯೇ. ಅದರಲ್ಲಿ ಹುಳುಕು ಹುಡುಕಲು ನಾನು ಈ ಕತೆ ಹೇಳುತ್ತಿಲ್ಲ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಇವತ್ತು ಸಾಹೇಬರು ಮೀಟಿಂಗಿನಲ್ಲಿ, ನಾಳೆ ರಜೆ, ನಾಡಿದ್ದು ಇನ್ನೊಂದು ದಾಖಲೆ ತಾ. ಅವನು ಅಲೆದ ದಿನವೆಲ್ಲ ಭಟ್ಟಿ ಹೆಂಡತಿಯ ತಲೆಯ ಮೇಲೆ. ಹುರಿಯುವವಳೂ ಅವಳೇ, ಉರಿ ಹಾಕುವವಳೂ ಅವಳೇ. ಚಪ್ಪಲಿ ಸವೆಯಿತು, ಮಾನ ಮರ್ಯಾದೆ ಸವೆಯಿತು. ಕಡೆಗೆ ಒಂದು ದಿನ ಯಾರಿಗೆ ಕರುಣೆ ಬಂತೋ, ಸಾಲ ಮಂಜೂರಾಯಿತು.

ಒಲೆ ಬಂತು. ನೀಲಿ ಬಣ್ಣ, ಹೊಳೆಯುವ ಕೊಳವೆ, ಮುಂದುಗಡೆ ಯೋಜನೆಯ ಹೆಸರು ಅಂಟಿಸಿದ ಚೀಟಿ. ಹೆಂಡತಿ ಖುಷಿಯಿಂದ ಅದಕ್ಕೆ ಅರಿಶಿನ ಕುಂಕುಮ ಹಚ್ಚಲು ಹೋದಳು.

"ತಡಿ, ಕಲೆ ಆಗ್ತತಿ" ಎಂದು ಅವನು ಕೈ ಅಡ್ಡ ಹಿಡಿದ.

ಒಲೆಗೆ ಉರಿ ಹಚ್ಚಬೇಡ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಬಡವನ ಭಯಕ್ಕೆ ಹೇಳಿಕೊಡುವವರು ಬೇಕಿಲ್ಲ. ಹಿಂದಿನ ಬೀದಿಯ ಹಿಟ್ಟಿನ ಗಿರಣಿಯವನ ಯಂತ್ರ ಮಾಸಿದ್ದಕ್ಕೆ, "ಇದು ಹೊಸದಲ್ಲ, ಎಲ್ಲಿಂದಲೋ ಹಳೆಯದು ತಂದಿಟ್ಟಿದ್ದೀಯ" ಎಂದು ಸಹಾಯಧನ ತಡೆದರಂತೆ ಎಂಬ ಸುದ್ದಿ ಅವನ ಕಿವಿಗೆ ಬಿದ್ದಿತ್ತು. ನಿಜವೋ ಸುಳ್ಳೋ, ಯಾರು ಕಂಡರು? ಇಷ್ಟು ಅಲೆದು ತಂದದ್ದು ಒಂದು ಕಲೆಯಿಂದ ಕೈತಪ್ಪಿದರೆ ಪೂರ್ತಿ ಸಾಲ ಕುತ್ತಿಗೆಗೆ ಬರುತ್ತದೆ. ಸಾಹೇಬರು ಬಂದು ನೋಡಿಬಿಡಲಿ, ಆಮೇಲೆ ಹಚ್ಚಿದರಾಯಿತು, ಎಷ್ಟು ಮಹಾ, ಎಂಟು ದಿನ ತಾನೇ ಎಂದುಕೊಂಡ. ಒಲೆಗೆ ಒಂದು ಹಳೆಯ ಪಂಚೆ ಹೊದಿಸಿದ.

ಎಂಟು ದಿನ ಕಳೆಯಿತು. ಒಂದು ಹಬ್ಬ ಬಂದು ಹೋಯಿತು. ಹಳೆಯ ಭಟ್ಟಿ ಎಂದಿನಂತೆ ಹೊಗೆ ಕಾರಿತು, ಹೆಂಡತಿ ಎಂದಿನಂತೆ ಅದರ ಮುಂದೆ ಕೂತು ಹೊಟ್ಟು ತಳ್ಳಿದಳು. ಆ ಹೊಗೆಯ ಕಪ್ಪು ಧೂಳು ಪಂಚೆ ದಾಟಿ ಹೊಸ ಒಲೆಯ ಮೇಲೂ ಕೂರುತ್ತಿತ್ತಲ್ಲ, ಸಂಜೆ ಅದನ್ನು ಸೆರಗಿನಿಂದ ಒರೆಸುವ ಕೆಲಸವೂ ಅವಳ ಪಾಲಿಗೇ ಬಂತು. ಕೆಮ್ಮುತ್ತ ಒರೆಸುತ್ತಿದ್ದಳು. ನೋಡು ಮುರಿಗೆಪ್ಪ, ಅವಳ ಎದೆಯೊಳಗೆ ಕೂತದ್ದನ್ನು ಒರೆಸುವವರು ಯಾರೂ ಇರಲಿಲ್ಲ, ಒಲೆಗೆ ಮಾತ್ರ ದಿನಾ ಸೇವೆ ನಡೆಯಿತು.

ಒಂದು ದಿನ ಅವಳು ಕೆಲಸದ ನಡುವೆ ಎದ್ದು ಗೋಡೆ ಹಿಡಿದು ನಿಂತಳು.

"ರೀ, ಇವತ್ತೊಂದಿನ ಹೊಸಾದು ಹಚ್ರೀ. ಎದಿ ಹಿಡಕೊಂಡಂಗಾಗೈತಿ."

ಅವನು ಹುರಿಯುವುದು ಬಿಟ್ಟು ಹೊಸ ಒಲೆಯ ಹತ್ತಿರ ಹೋದ. ಪಂಚೆಗೆ ಕೈಯನ್ನೂ ಹಾಕಿದ. ಆಗ ನೆನಪಾಯಿತು: ನಿನ್ನೆಯಷ್ಟೇ ಕಚೇರಿಯಲ್ಲಿ "ಈ ವಾರ ಬರುತ್ತಾರೆ" ಎಂದಿದ್ದರು. ಇಷ್ಟು ಕಾಲ ಕಾದು ಈ ವಾರ ಕೆಡಿಸಿಕೊಳ್ಳುವುದೇ? ಮೊದಲ ದಿನ ಹಚ್ಚುವುದು ಸುಲಭವಿತ್ತು. ಕಾದಷ್ಟೂ ಅದು ಕಷ್ಟವಾಗುತ್ತ ಹೋಗಿತ್ತು.

"ಇಷ್ಟು ದಿನ ತಡಕೊಂಡೀಯ, ಇನ್ನೊಂದು ನಾಕು ದಿನ ತಡಕೋ ಮಾರಾಯ್ತಿ. ಎಲ್ಲಾ ನಿನಗೋಸ್ಕರಾನೇ ಅಲ್ಲೇನು ಮಾಡ್ತಿರೋದು?"

ಅವಳು ಹೋಗಿ ಮತ್ತೆ ಹಳೆಯ ಭಟ್ಟಿಯ ಮುಂದೆ ಕೂತಳು.

ಆ ವಾರ ಅಧಿಕಾರಿ ಬರಲಿಲ್ಲ. ಇದ್ದವರಿಗೆ ವರ್ಗವಾಯಿತು, ಹೊಸಬರು ಬರುವುದು ತಡವಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಭಟ್ಟಿಯೊಳಗೆ ಕೂರಲಾರದೆ ಹೋದಳು. ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ ಹೊತ್ತುಕೊಂಡೇ ತಂದರು. "ಹೋದದ್ದು ತಿರುಗಿ ಬರುವುದಿಲ್ಲ, ಇರುವ ಉಸಿರನ್ನು ಉಳಿಸಿಕೊಳ್ಳಿ" ಎಂದು ವೈದ್ಯರು ಕೈಚೆಲ್ಲಿದರು. ಅಂದಿನಿಂದ ಅವಳು ಭಟ್ಟಿಯ ಹೊರಗೆ ಜಗಲಿಗೆ ಒರಗಿ ಕೂರತೊಡಗಿದಳು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅವನು ಒಳಗೆ ಒಬ್ಬನೇ ಹುರಿದ, ಒಬ್ಬನೇ ಉರಿ ಹಾಕಿದ. ಹೊಗೆ ಕುಡಿಯುವವನು ಇನ್ನು ತಾನೊಬ್ಬನೇ, ಹೇಗೂ ಇಷ್ಟು ಕಾದದ್ದಾಯಿತು ಎಂದುಕೊಂಡು ಪಂಚೆ ತೆಗೆಯಲಿಲ್ಲ. ಮೂರ್ಖ ಎನ್ನುತ್ತೀಯಾ? ಅನ್ನು. ಅವನನ್ನು ನೆನೆದರೆ ನನಗೆ ಬೈಯಲು ಬಾಯಿ ಬರುವುದಿಲ್ಲ.

ಕೊನೆಗೂ ಒಂದು ಮಧ್ಯಾಹ್ನ ಅಧಿಕಾರಿ ಬಂದರು. ಕೆಟ್ಟವರೇನಲ್ಲ. ಬಿಸಿಲಿನಲ್ಲಿ ಬೀದಿ ಬೀದಿ ಸುತ್ತಿ ಅವರೂ ಸೋತಿದ್ದರು. ಭಟ್ಟಿಯವನು ಪಂಚೆ ಸರಿಸಿ ಪಕ್ಕಕ್ಕೆ ನಿಂತ. ಒಲೆ ಬಂದ ದಿನದಷ್ಟೇ ಹೊಸದಾಗಿತ್ತು. ಅಧಿಕಾರಿ ಬಗ್ಗಿ, ಒಲೆಯ ಬಾಯೊಳಗೆ ಬೆರಳು ಹಾಕಿ ಒಮ್ಮೆ ಸವರಿದರು. ಬೆರಳು ಹೊರಗೆ ತೆಗೆದು ನೋಡಿಕೊಂಡರು. ಏನೂ ಹತ್ತಿರಲಿಲ್ಲ.

"ಇದನ್ನ ಹಚ್ಚೇ ಇಲ್ವಲ್ಲಪ್ಪ."

"ತಾವು ನೋಡೋತನಕ ಹೊಸಾದಾಗೇ ಇರ್ಲಿ ಅಂತ ಮುಚ್ಚಿಟ್ಟಿದ್ದೆ ಸ್ವಾಮಿ. ಒಂದು ಗೆರೆ ಬಿದ್ದಿಲ್ಲ ನೋಡ್ರಿ."

ಅಧಿಕಾರಿ ಕಪ್ಪಿಟ್ಟ ಗೋಡೆ ನೋಡಿದರು. ಬೆಳಗಿನ ಉರಿ ಆರಿ ಬೂದಿಯಾಗಿದ್ದ ಹಳೆಯ ಭಟ್ಟಿ ನೋಡಿದರು. ಬಾಗಿಲಾಚೆ ಕೂತಿದ್ದ ಹೆಂಗಸನ್ನು ನೋಡಿದರು.

"ನಾನು ನೋಡೋಕೆ ಬಂದಿದ್ದೇ ಮಸೀನ ಕಣಯ್ಯಾ," ಎಂದರು. "ಬಳಸ್ತಾ ಇದ್ರೆ ತಾನೇ ನಾನು ಸೈ ಹಾಕೋದು? ಹಚ್ಚು. ಮುಂದಿನ ಸಲ ಈ ಕಡೆ ಬಂದಾಗ ನೋಡೋಣ."

ಅವರು ಹೋದರು. ಅವನು ಹೊಸ ಒಲೆಯ ಪಕ್ಕದಲ್ಲಿ ಕೂತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಸರಿ. ಆದರೆ ಬೈಯುವುದು ಯಾರನ್ನು? ಒಲೆ ಅವನ ಮನೆಯಲ್ಲೇ ಇತ್ತು. ಹೊಟ್ಟು ಇತ್ತು. ಕಡ್ಡಿಪೆಟ್ಟಿಗೆ ದಿನವೂ ಅವನ ಜೇಬಿನಲ್ಲೇ ಇತ್ತು.

ಸಂಜೆಯ ಹೊತ್ತಿಗೆ ಎದ್ದು, ಹೊಸ ಒಲೆಗೆ ಹೊಟ್ಟು ಸುರಿದು ಹಚ್ಚಿದ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗೆ. ಚೆನ್ನಾಗಿಯೇ ಹೊತ್ತಿಕೊಂಡಿತು. ಹೊಗೆಯೆಲ್ಲ ಕೊಳವೆ ಹಿಡಿದು ಮೇಲೆ ಹೋಯಿತು. ಉರಿ ಇದ್ದಾಗ ಭಟ್ಟಿಯ ಒಳಗು ಅವನಿಗೆ ಕಂಡದ್ದು ಅದೇ ಮೊದಲು. ಅವಳು ಉರಿ ಹಾಕಲು ಕೂರುತ್ತಿದ್ದ ಮಣೆ ಕಂಡಿತು. ಅದು ಬರಿದಾಗಿತ್ತು.

ಹೊಟ್ಟು ಸುರಿದ ಸದ್ದು ಹೊರಗೆ ಅವಳಿಗೆ ಕೇಳಿಸಿತ್ತು. ಮಾತುಮಾತಿಗೂ ನಿಂತು, ಉಸಿರೆಳೆದುಕೊಂಡು ಕೇಳಿದಳು.

"ಇನ್ನೂ ಹಚ್ಚಲಿಲ್ಲೇನ್ರೀ? ಹೊಗೀನೇ ಬರವಲ್ದು."

ಅವನು ಬಾಗಿಲ ತನಕ ಬಂದ. ಅವಳ ಪಕ್ಕದಲ್ಲಿ ಜಗಲಿಗೆ ಒರಗಿ ಕೂತ.

ಗುರುಗಳು ಕತೆ ನಿಲ್ಲಿಸಿದರು. ದಾಸೋಹದ ಅಡುಗೆಮನೆಯಲ್ಲಿ ಯಾರೋ ಒಬ್ಬರೇ ದೊಡ್ಡ ಕೊಪ್ಪರಿಗೆ ಎಳೆಯುತ್ತಿರುವ ಸದ್ದು ಬಂತು.

ಮುರಿಗೆಪ್ಪನ ಕಣ್ಣು ಒದ್ದೆಯಾಗಿತ್ತು. "ಪಾಪ," ಎಂದ. "ಆ ಅಧಿಕಾರಿ ಬೇಗ ಬಂದಿದ್ದರೆ ಹೀಗಾಗುತ್ತಿರಲಿಲ್ಲ." ಕಣ್ಣೊರೆಸಿಕೊಂಡು, ಮೆಲ್ಲಗೆ ಮತ್ತೆ ಕೈಮುಗಿದ. "ಬುದ್ಧೀ, ನನ್ನ ಪರೀಕ್ಷೆ ಯಾವತ್ತು ಅಂತ ಹೇಳಲೇ ಇಲ್ಲ."

ಗುರುಗಳು ಗೋಡೆ ಹಿಡಿದು ನಿಧಾನವಾಗಿ ಎದ್ದರು. ಅಡುಗೆಮನೆಯ ಕಡೆ ತಿರುಗಿ ಹೇಳಿದರು:

"ಅದು ಆಗಿಹೋಯಿತಪ್ಪ, ನೀನು ಮೊದಲು ಕೈಮುಗಿದಾಗಲೇ ನೋಡಿದೆ, ನಿನ್ನ ಬೆರಳಿಗೆ ಏನೂ ಹತ್ತಿರಲಿಲ್ಲ."